ಬೋನು ತಪ್ಪಲ್ಲ, ಸರಪಳಿ ತಪ್ಪು

ಚಿಂತಾಮಣಿಯಲ್ಲಿ ನಿಂತು ಕ್ರೇಟು ಅಂದ್ರೆ ಜನ ಮೊದಲು ಕೇಳೋದು, ಇವತ್ತು ಟೊಮೆಟೊ ಕ್ರೇಟಿಗೆ ಎಷ್ಟು ಅಂತ. ನಾನು ಹೇಳೋಕೆ ಹೊರಟಿರೋದು ಬೇರೆ ಕ್ರೇಟಿನ ಮಾತು. ನಾಯಿಮರಿ ಮಲಗೋ ಕ್ರೇಟು.

ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರ ಮನೆಯಿಂದ ಒಬ್ಬ ತಾಯಿ ಫೋನ್ ಮಾಡಿದ್ರು. ಮಗ ಬೆಂಗಳೂರಿಂದ ಒಂದು ತಿಂಗಳ ಮರಿ ತಂದಿದಾನೆ, ಜೊತೆಗೆ ಕಬ್ಬಿಣದ ಬೋನು. "ರಾತ್ರಿ ಅದರೊಳಗೆ ಕೂಡಿ ಹಾಕ್ತಾನೆ ಸಾರ್, ಬೆಳಗಿನ ತನಕ ಅಳುತ್ತೆ. ಹುಳ ನಾಲ್ಕನೇ ಜ್ವರ ಎದ್ದಿದೆ, ಸೊಪ್ಪು ಹಾಕಿ ಹಾಕಿ ನಮಗೇ ನಿದ್ದೆ ಇಲ್ಲ. ಇದು ಪಾಪ ಅಲ್ವಾ?"

ಅಮ್ಮ, ಬೋನು ಪಾಪ ಅಲ್ಲ. ಮೊದಲ ರಾತ್ರಿಯೇ ಬಾಗಿಲು ಹಾಕಿದ್ದು ತಪ್ಪು. ನಮ್ಮ ಹಳ್ಳಿಗಳಲ್ಲಿ ಕೋಳಿಮರಿ ಮೇಲೆ ಮಂಕರಿ ಮುಚ್ಚಲ್ವಾ? ಅದನ್ನ ಯಾರೂ ಜೈಲು ಅನ್ನಲ್ಲ. ಹೆತ್ತ ನಾಯಿಯನ್ನೇ ನೋಡಿ, ಹುಲ್ಲಿನ ಬಣವೆ ಸಂದಿಯಲ್ಲೋ ಮೋರಿ ಪೈಪಿನೊಳಗೋ ಮರಿ ಹಾಕುತ್ತೆ. ಇಕ್ಕಟ್ಟಾದ, ಮರೆಯಾದ ಜಾಗ ಅದಕ್ಕೆ ಧೈರ್ಯ. ಇನ್ನೊಂದು ಗುಣ, ತಾನು ಮಲಗೋ ಜಾಗವನ್ನ ನಾಯಿ ಸಾಮಾನ್ಯವಾಗಿ ಹೊಲಸು ಮಾಡಲ್ಲ. ಕ್ರೇಟಿನ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ. ಅದಕ್ಕೇ ಅಳತೆ ಮುಖ್ಯ: ಮರಿ ಎದ್ದು ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು. ಅದಕ್ಕಿಂತ ತೀರಾ ದೊಡ್ಡದಾದ್ರೆ ಒಂದು ಮೂಲೆ ಮಲಗೋಕೆ, ಇನ್ನೊಂದು ಮೂಲೆ ಕಕ್ಕಸಿಗೆ ಆಗುತ್ತೆ.

ಮೊದಲ ಕೆಲವು ದಿನ ಬಾಗಿಲು ತೆಗೆದೇ ಇರಲಿ. ಹಳೇ ಪಂಚೆ ಹಾಸಿ, ಊಟದ ತಟ್ಟೆ ಒಳಗಿಡಿ. ಒಂದು ಚೂರು ಮುದ್ದೆ ಎಸೆದ್ರೂ ಸಾಕು, ತಾನೇ ಒಳಗೆ ಹೋಗುತ್ತೆ. ತಿನ್ನುವಾಗ ಒಂದು ನಿಮಿಷ ಬಾಗಿಲು ಹಾಕಿ, ಅಳೋ ಮುಂಚೆ ತೆಗೀರಿ. ಆಮೇಲೆ ಐದು ನಿಮಿಷ, ಹತ್ತು ನಿಮಿಷ. ಬೈದು ಒಳಗೆ ತಳ್ಳಬೇಡಿ, ಒಂದು ಸಲ ಶಿಕ್ಷೆಯಾದ ಬೋನು ಮತ್ತೆ ಮನೆಯಾಗೋದು ಕಷ್ಟ. ರಾತ್ರಿ ಅದು ನಿಮ್ಮ ಮಂಚದ ಪಕ್ಕದಲ್ಲಿರಲಿ. ಉಸಿರು ಕೇಳಿದ್ರೆ ಅರ್ಧ ಅಳು ನಿಲ್ಲುತ್ತೆ. ಉಳಿದರ್ಧ ಮೂತ್ರದ ಅಳು. ಎರಡು ತಿಂಗಳ ಮರಿ ಹೆಚ್ಚಂದ್ರೆ ಮೂರು ಗಂಟೆ ತಡೆಯುತ್ತೆ, ಬೆಳಗಿನ ತನಕ ಅಲ್ಲ. ಸೊಪ್ಪು ಹಾಕೋಕೆ ಎದ್ದಾಗಲೇ ಅದನ್ನೂ ಹೊರಗೆ ಒಂದೇ ಜಾಗಕ್ಕೆ ಕರ್ಕೊಂಡು ಹೋಗಿ ಬನ್ನಿ.

ಹುಳು ಮನೆಯಲ್ಲಿ ಮಾತ್ರ ಬೋನು ಇಡಬೇಡಿ. ಬ್ಲೀಚಿಂಗ್ ಪೌಡರು, ಫಾರ್ಮಲಿನ್ನು ಮರಿ ಮೂಗಿಗೂ ನಾಲಿಗೆಗೂ ಕೆಟ್ಟದ್ದು. ತಗಡಿನ ಶೀಟಿನ ಕೆಳಗೂ ಬೇಡ.

ಆದ್ರೆ ನನ್ನ ಸಿಟ್ಟು ಇರೋದು ಆ ಮರಿಯ ವಯಸ್ಸಿನ ಮೇಲೆ. ಎಂಟು ವಾರ ತುಂಬದ ಮರಿ ಮಾರಬಾರದು ಅಂತ 2017ರ ನಾಯಿ ತಳಿ ಸಾಕಣೆ ನಿಯಮ ಹೇಳುತ್ತೆ. ಮೂವತ್ತು ದಿನದ ಮರಿಯನ್ನ ರಟ್ಟಿನ ಡಬ್ಬದಲ್ಲಿ ಹಾಕಿ ಕೊಡೋರು ಕಾನೂನು ಮುರೀತಿದಾರೆ. ಎಷ್ಟು ಜೋರಾಗಿ ಕಚ್ಚಬಾರದು ಅನ್ನೋ ಪಾಠವನ್ನ ಮರಿ ಕಲಿಯೋದು ತಾಯಿ ಹತ್ರ, ಒಡಹುಟ್ಟಿದ ಮರಿಗಳ ಹತ್ರ. ಆ ಪಾಠ ತಪ್ಪಿದ ಮರಿ ಮನೆ ಮಕ್ಕಳ ಕೈಗೆ ಹಲ್ಲು ಹಾಕುತ್ತೆ. ಆಗ ನಾವೇನು ಮಾಡ್ತೀವಿ? ಗೇಟಿಗೆ ಸರಪಳಿ. ನಂದಿ ಬೆಟ್ಟದ ಸುತ್ತಿನ ಊರುಗಳಲ್ಲಿ ರಾತ್ರಿ ಹೊರಗೆ ಕಟ್ಟಿದ ಮರಿ ಚಿರತೆಗೆ ಸುಲಭದ ತುತ್ತು ಬೇರೆ. ಹಗಲಿಡೀ ಕಟ್ಟಿದ ನಾಯಿ ಬರಬರುತ್ತಾ ದಾರಿಹೋಕರ ಮೇಲೆ ಏರಿ ಹೋಗುತ್ತೆ, ಆಮೇಲೆ ನಮ್ಮ ಚಾನೆಲ್ಲಿಗೇ ಸುದ್ದಿಯಾಗಿ ಬರುತ್ತೆ.

ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಅದಕ್ಕೂ ಮೊದಲು ಪಾರ್ವೋ ಲಸಿಕೆ. ತಾಲೂಕಿನ ಪಶು ಆಸ್ಪತ್ರೆಯಲ್ಲಿ ಕೇಳಿ.

ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದ್ದು. ಅದರ 11ನೇ ಸೆಕ್ಷನ್ನು ಹೊರಳಾಡಲಾಗದ ಬೋನನ್ನೂ ಬಿಡಲ್ಲ, ಹೊತ್ತುಗಟ್ಟಲೆ ಹಾಕೋ ಸರಪಳಿಯನ್ನೂ ಬಿಡಲ್ಲ. ಬೆಳಗ್ಗೆ ಗೌರಿಬಿದನೂರಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ ಬರೋ ಅಣ್ಣಂದಿರೇ, ನೀವು ಹನ್ನೆರಡು ಗಂಟೆ ಬಾಗಿಲು ಹಾಕಿ ಹೋದ್ರೆ ಕ್ರೇಟೂ ಸರಪಳಿಯೂ ಒಂದೇ. ಹಗಲು ಮನೆಯಲ್ಲಿ ಯಾರೂ ಇಲ್ಲ ಅಂದ್ರೆ ಸದ್ಯಕ್ಕೆ ಮರಿ ತರಬೇಡಿ. ತಂದಾಗಿದ್ರೆ ಮಧ್ಯಾಹ್ನ ಬಂದು ಬಾಗಿಲು ತೆಗೆದು, ನೀರಿಟ್ಟು, ಹೊರಗೆ ಬಿಡೋಕೆ ಪಕ್ಕದ ಮನೆ ಅಜ್ಜಿಗೆ ಇವತ್ತೇ ಹೇಳಿಡಿ.