ಶರ್ಕತ್ ಎಂಬ ಊರಿನ ಹೆಸರು

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ರಾಯಣ್ಣನ ಊರಲ್ಲಿ ನಿಂತು ಪರದೇಶದ ಯುದ್ಧದ ಮಾತೇಕೆ ಎಂದು ನೀವು ಕೇಳಬಹುದು. ಇಲ್ಲೇ ಆಡಬೇಕಾದ ಮಾತು ಎಂದು ನನಗೆ ಅನಿಸಿದೆ.

ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರವಿದೆ. ಅಲ್ಲಿಯ ಯುದ್ಧ ಸ್ಮಾರಕಕ್ಕೆ ಶರ್ಕತ್ ಎಂದು ಹೆಸರು. ಶರ್ಕತ್ ಇರುವುದು ಇರಾಕ್ ದೇಶದಲ್ಲಿ, ಟೈಗ್ರಿಸ್ ನದಿಯ ದಂಡೆಗೆ. ಅದು ಬೆಳಗಾವಿಗೆ ಬಂದದ್ದು ಹೇಗೆ?

1918ರ ಅಕ್ಟೋಬರ್ ಕೊನೆಯ ವಾರ. ಮೊದಲ ಮಹಾಯುದ್ಧ ಮುಗಿಯುವ ಹೊತ್ತು. ಸಂಧಿಯಾಗುವುದರೊಳಗೆ ಎಣ್ಣೆಯ ಸೀಮೆಯಾದ ಮೋಸುಲ್ ಕಡೆಗೆ ಆದಷ್ಟು ಮುಂದೆ ಹೋಗಬೇಕೆಂಬ ಅವಸರ ಇಂಗ್ಲಿಷರಿಗೆ. ಆ ದಂಡಿನಲ್ಲಿ 114ನೇ ಮರಾಠಾ ಪಲ್ಟಣ್ ಇತ್ತು. ಶರ್ಕತ್ತಿನ ಕಾಳಗದಲ್ಲಿ ಆ ಒಂದೇ ಪಲ್ಟಣಿಗೆ 28 ಶೌರ್ಯ ಪದಕಗಳು ಬಂದವು. ತುರ್ಕರ 11,000ಕ್ಕೂ ಹೆಚ್ಚು ಸೈನಿಕರು ಸೆರೆ ಸಿಕ್ಕರು. ಅವರು ಶರಣಾದದ್ದು ಅಕ್ಟೋಬರ್ 30ರಂದು. ಅದೇ ದಿನ ದೂರದ ಮುದ್ರೋಸ್ ಬಂದರಿನಲ್ಲಿ, ಒಂದು ಹಡಗಿನ ಮೇಲೆ, ಯುದ್ಧ ನಿಲ್ಲಿಸುವ ಕಾಗದಕ್ಕೆ ಸಹಿ ಬಿತ್ತು. ನಾಲ್ಕು ದಿನ ಸುಮ್ಮನಿದ್ದರೆ ಉಳಿಯುತ್ತಿದ್ದ ಜೀವಗಳು ಅವು. 1922ರಲ್ಲಿ ಆ ಪಲ್ಟಣನ್ನೇ ತರಬೇತಿ ಪಲ್ಟಣ್ ಮಾಡಿ ಬೆಳಗಾವಿಯಲ್ಲಿ ಇರಿಸಿದರು. ಅದರ ಜೊತೆಗೇ ಶರ್ಕತ್ ಎಂಬ ಹೆಸರೂ ಬಂತು.

ನಮ್ಮ ರಾಯಣ್ಣ ಕತ್ತಿ ಹಿಡಿದದ್ದು ಹೊಲ ಕಸಿದುಕೊಂಡು ಕಂದಾಯ ಏರಿಸಿದ ಕಂಪನಿ ಸರ್ಕಾರದ ಮೇಲೆ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. 87 ವರ್ಷದ ನಂತರ ದಖ್ಖನದ ರೈತರ ಮಕ್ಕಳು ಅದೇ ಇಂಗ್ಲಿಷರ ಪರವಾಗಿ ಶರ್ಕತ್ತಿನಲ್ಲಿ ಗುಂಡಿಗೆ ಎದೆಯೊಡ್ಡಿದರು. ಅವರನ್ನು ಸಣ್ಣವರನ್ನಾಗಿ ಕಾಣಲು ನನಗೆ ಮನಸ್ಸಿಲ್ಲ. ಆಗ ಸಿಪಾಯಿಯ ಪಗಾರ ತಿಂಗಳಿಗೆ 11 ರೂಪಾಯಿ. ಮಳೆ ಕೈಕೊಟ್ಟ ವರ್ಷ ಆ 11 ರೂಪಾಯಿ ಎಂದರೇನೆಂದು ಒಕ್ಕಲುತನ ಮಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ನನಗೆ ಸಂಕಟವಾಗುವುದು ಬೇರೆ ಕಾರಣಕ್ಕೆ. ರಾಯಣ್ಣನ ಹೆಸರು ಉಳಿಯಲು ಸರ್ಕಾರದ ಕಲ್ಲು ಬೇಕಾಗಲಿಲ್ಲ. ಲಾವಣಿಕಾರರು, ಗೀಗೀ ಮೇಳದವರು ಊರೂರಿಗೆ ಒಯ್ದರು. ನಂದಗಡದ ಆಲದ ಮರಕ್ಕೆ ಇಂದಿಗೂ ಹೆಣ್ಣುಮಕ್ಕಳು ತೊಟ್ಟಿಲು ಕಟ್ಟುತ್ತಾರೆ. ಇರಾಕಿಗೆ ಹೋದವರಿಗೆ ಹಾಡು ಹುಟ್ಟಲಿಲ್ಲ. ಕಲ್ಲಿನಲ್ಲಿಯೂ ನ್ಯಾಯ ಸಿಗಲಿಲ್ಲ. ಗೋರಿಯ ಗುರುತು ಸಿಗದವರಿಗಾಗಿ ಬಸ್ರಾದಲ್ಲಿ ಇಂಗ್ಲಿಷರು ದೊಡ್ಡ ಸ್ಮಾರಕ ಕಟ್ಟಿದರು, 40,000ಕ್ಕೂ ಹೆಚ್ಚು ಜನರ ನೆನಪಿಗೆ. ಅದರಲ್ಲಿ ಇಂಗ್ಲಿಷ್ ಸಿಪಾಯಿಯ ಹೆಸರು ಕೆತ್ತಿದರು. ನಮ್ಮ ಸುಬೇದಾರ, ಜಮಾದಾರರ ಹೆಸರನ್ನೂ ಕೆತ್ತಿದರು. ಹವಾಲ್ದಾರನಿಂದ ಕೆಳಗಿನ ಭಾರತೀಯರಿಗೆ ಮಾತ್ರ ಹೆಸರಿಲ್ಲ. ಪಲ್ಟಣಿನ ಕೆಳಗೆ ಇಷ್ಟು ಮಂದಿ ಎಂಬ ಲೆಕ್ಕ ಅಷ್ಟೆ.

ಆ ಲೆಕ್ಕದೊಳಗಿನ ಹೆಸರುಗಳನ್ನು ಹುಡುಕುವುದು ನಮ್ಮಂಥ ಊರಿನ ಕೆಲಸ. ಮುಖ್ಯ ಗುರುಗಳಲ್ಲಿ ಒಂದು ಬಿನ್ನಹ: 50 ವರ್ಷದ ದಾಖಲಾತಿ ರಜಿಸ್ಟರ್ ತೆಗೆದು, ಇಲ್ಲಿ ಓದಿ ಮಿಲಿಟ್ರಿಗೆ ಹೋದವರನ್ನು ಗುರುತಿಸಿ, ಮಕ್ಕಳ ಕೈಯಿಂದ ಒಂದು ಪಟ್ಟಿ ಬರೆಸಿರಿ. ಶಾಲೆಗಿಂತ ಹಳೆಯ ಕಾಲದವರ ಗುರುತು ಮನೆಗಳಲ್ಲಿರುತ್ತದೆ. ಮುತ್ತಜ್ಜ ಮಿಲಿಟ್ರಿಯಲ್ಲಿದ್ದ ಎನ್ನುವ ಮನೆಯವರು ಇಂದು ಸಂಜೆ ಟ್ರಂಕು ತೆಗೆದು ನೋಡಿರಿ. ಹಳೆಯ ಪದಕ ಸಿಕ್ಕರೆ ಬೆಳ್ಳಿಯೆಂದು ಅಂಗಡಿಗೆ ಹಾಕಬೇಡಿ. ರಾಜನ ಮುಖವನ್ನು ಬಿಟ್ಟು ಅಂಚನ್ನು ಬೆಳಕಿಗೆ ಹಿಡಿಯಿರಿ. ಸಿಪಾಯಿಯ ನಂಬರು, ಹೆಸರು, ಪಲ್ಟಣ್ ಅಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತವೆ.