ಹತ್ತರಲ್ಲೊಂದು ಪಾಲು ಪರದೇಶದ ಸೂರಿಗೆ



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಎಲ್ಲರಿಗೂ ಗೊತ್ತು. ತನ್ನ ಮನೆ ಕಟ್ಟುವುದೇ ಇಷ್ಟು ಕಷ್ಟವಾಗಿರುವಾಗ ಸಮುದ್ರದಾಚೆಯ ಅಪರಿಚಿತನ ಮನೆಗೆ ಯಾರಾದರೂ ಹಣ ಕಳುಹಿಸುತ್ತಾರೆಯೇ? ಅಮೆರಿಕದ ಸಣ್ಣ ದೊಡ್ಡ ಊರುಗಳ ಜನ ದಶಕಗಳಿಂದ ಹಾಗೆ ಕಳುಹಿಸುತ್ತ ಬಂದಿದ್ದಾರೆ. ‘ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ’ ಸಂಸ್ಥೆಯ ಸ್ಥಳೀಯ ಶಾಖೆಗಳೇ ಇದಕ್ಕೆ ದಾರಿ.

ಈ ಕಥೆಯ ಬೇರು ಇರುವುದು ಜಾರ್ಜಿಯಾ ರಾಜ್ಯದ ಅಮೆರಿಕಸ್ ಪಟ್ಟಣದ ಬಳಿಯ ಕೊಯ್ನೊನಿಯಾ ಎಂಬ ತೋಟದಲ್ಲಿ. ಕರಿಯರು, ಬಿಳಿಯರು ಒಟ್ಟಿಗೆ ದುಡಿದು ಬಾಳಬೇಕೆಂಬ ಆಸೆಯಿಂದ ಕ್ಲಾರೆನ್ಸ್ ಜೋರ್ಡನ್ 1942ರಲ್ಲಿ ಇದನ್ನು ಕಟ್ಟಿದ್ದರು. ಗಳಿಸಿದ ಸಂಪತ್ತನ್ನು ತೊರೆದು ಬಂದ ವಕೀಲ ಮಿಲರ್ಡ್ ಫುಲ್ಲರ್ ಅವರೊಡನೆ ಸೇರಿದರು. ಲಾಭವಿಲ್ಲದೆ, ಬಡ್ಡಿಯಿಲ್ಲದೆ ಬಡವರಿಗೆ ಮನೆ ಕಟ್ಟುವ ಯೋಜನೆ 1968ರಲ್ಲಿ ರೂಪುಗೊಂಡಿತು. ಬಡವನಿಂದ ಬಡ್ಡಿ ಪಡೆಯಬಾರದೆಂಬ ಬೈಬಲಿನ ಕಟ್ಟಳೆಯೇ ಅದಕ್ಕೆ ಆಧಾರ.

1973ರಲ್ಲಿ ಫುಲ್ಲರ್ ಮತ್ತು ಅವರ ಪತ್ನಿ ಲಿಂಡಾ ಆಫ್ರಿಕಾದ ಝೈರ್‌ಗೆ, ಅಂದರೆ ಇಂದಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯಕ್ಕೆ ಹೋದರು. ಅಲ್ಲಿನ ಎಂಬಂಡಾಕಾದಲ್ಲಿ ಮೂರು ವರ್ಷ ಈ ಯೋಜನೆಯನ್ನು ಪ್ರಯೋಗಿಸಿದರು. ಮರಳಿ ಬಂದು ಸಂಸ್ಥೆಯನ್ನು ಆರಂಭಿಸಿದ್ದು 1976ರಲ್ಲಿ. ಹೀಗೆ ಆಫ್ರಿಕಾದ ಮನೆಗಳು ಮೊದಲು, ಸಂಸ್ಥೆ ಆಮೇಲೆ!

ಹಣ ಹರಿಯುವ ಬಗೆಯೂ ಸರಳ. ಊರಿನ ಶಾಖೆ ದೇಣಿಗೆ ಎತ್ತುತ್ತದೆ, ಸ್ವಯಂಸೇವಕರನ್ನು ಕೂಡಿಸುತ್ತದೆ, ತನ್ನೂರಿನಲ್ಲಿ ಮನೆ ಕಟ್ಟುತ್ತದೆ. ಇಂಥದ್ದಕ್ಕೇ ಎಂದು ದಾನಿ ಗೊತ್ತುಮಾಡದ ದೇಣಿಗೆಯಲ್ಲಿ ಹತ್ತನೇ ಒಂದು ಪಾಲನ್ನು ಹೊರದೇಶಗಳ ಮನೆಗಳಿಗಾಗಿ ತೆಗೆದಿಡುತ್ತದೆ. ಕ್ರೈಸ್ತರು ಇದನ್ನು ‘ದಶಾಂಶ’ ಎನ್ನುತ್ತಾರೆ. ಈ ಯೋಜನೆಯ ಮೂಲ ಕ್ರಮದಲ್ಲಿ ಮನೆ ಪಡೆಯುವ ಕುಟುಂಬಕ್ಕೆ ಅದು ದಾನವಲ್ಲ, ಸಾಲ. ಕುಟುಂಬದವರು ಕಟ್ಟಡದ ಕೆಲಸದಲ್ಲಿ ಮೈಮುರಿದು ದುಡಿಯಬೇಕು, ಕಂತು ಕಟ್ಟಬೇಕು. ಆ ಕಂತಿನ ಹಣ ನೆರೆಯವನ ಗೋಡೆಗೆ ಇಟ್ಟಿಗೆಯಾಗುತ್ತದೆ.

ಭಾರತದಲ್ಲಿ ಈ ಕೆಲಸ 1983ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂನಲ್ಲಿ ಶುರುವಾಯಿತು. 2006ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ತಮ್ಮ 82ನೇ ವಯಸ್ಸಿನಲ್ಲಿ ಮಹಾರಾಷ್ಟ್ರದ ಲೋನಾವಳಾ ಬಳಿ ಸ್ವಯಂಸೇವಕರೊಡನೆ ಮನೆ ಕಟ್ಟುವ ಕೆಲಸಕ್ಕೆ ಕೈಹಚ್ಚಿದರು.

ಅಮೆರಿಕದಲ್ಲೂ ಸೂರಿಲ್ಲದವರಿದ್ದಾರೆ. ಹಾಗಿದ್ದ ಮೇಲೆ ಇದು ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಆಗಲಿಲ್ಲವೇ? ಹತ್ತರಲ್ಲಿ ಒಂಬತ್ತು ಪಾಲು ಊರಲ್ಲೇ ಉಳಿಯುತ್ತದೆ ಎಂಬುದು ಒಂದು ಉತ್ತರ. ಅಲ್ಲಿನ ಒಂದು ಮನೆಯ ಖರ್ಚಿನ ಸಣ್ಣ ಪಾಲಿನಲ್ಲೇ ಬಡ ದೇಶವೊಂದರಲ್ಲಿ ಇಡೀ ಮನೆ ಎದ್ದೀತು ಎಂಬುದು ಇನ್ನೊಂದು.

ಈ ಹಾದಿಗೂ ಮಿತಿಯಿದೆ. ಕಂತು ಕಟ್ಟುವಷ್ಟು ಗಳಿಕೆಯೇ ಇಲ್ಲದವನಿಗೆ, ನಿವೇಶನದ ಹಕ್ಕುಪತ್ರವಿಲ್ಲದವನಿಗೆ ಸಾಲದ ಮನೆ ಎಟುಕದು. ಅಂಥವರ ಹೊಣೆ ಸರ್ಕಾರಗಳದ್ದೇ. ಆದರೆ ತನ್ನೂರಿನ ಕೊರತೆ ಪೂರ್ತಿ ನೀಗಿದ ಮೇಲೆ ಪರರಿಗೆ ಕೊಡೋಣ ಎಂದು ಕಾದು ಕುಳಿತವನಿಗೆ ಆ ದಿನ ಬರುವುದೇ ಇಲ್ಲ. ಕೊರತೆಯ ನಡುವೆಯೂ ಕೊಡಲು ಸಾಧ್ಯ ಎಂಬುದನ್ನು ಈ ದಶಾಂಶ ತೋರಿಸಿಕೊಟ್ಟಿದೆ.