ರಾತ್ರಿಶಾಲೆಯಲ್ಲಿ ವಿಜ್ಞಾನವೇಕೆ?

(ಚಿಕ್ಕೋಡಿಯಲ್ಲಿ ವಯಸ್ಕರ ಶಿಕ್ಷಣದ ಕಾರ್ಯಕರ್ತರ ಮುಂದೆ ಮಾಡಿದ ಭಾಷಣ)



ಅಕ್ಷರ ಕಲಿತವನು ಪೇಟೆಯ ಫಲಕ ಓದುತ್ತಾನೆ. "ಸಕ್ಕರೆ ಕಾಯಿಲೆ ಬೇರುಸಹಿತ ಮಾಯ" ಎಂಬುದನ್ನೂ ಓದುತ್ತಾನೆ. ನಂಬಿ ವಾರದ ಪಗಾರ ಕೊಟ್ಟು ಬರುತ್ತಾನೆ. ಇಂಥ ಅಕ್ಷರದಿಂದ ಲಾಭ ಯಾರಿಗೆ? ಓದಿದ್ದನ್ನು ಒರೆಗೆ ಹಚ್ಚುವುದನ್ನೂ ಕಲಿಸಬೇಕೆಂಬುದೇ ನಮ್ಮ ವಾದ.

ವಿಜ್ಞಾನವೆಂದರೆ ಗಾಜಿನ ನಳಿಗೆಯೆಂದು ಹೆದರಬೇಕಾಗಿಲ್ಲ. ನಿಪ್ಪಾಣಿ ಸೀಮೆಯವರಿಗೆ ತಂಬಾಕು ಹೊಸದಲ್ಲ. ಹಸಿ ತಂಬಾಕು ಕೊಯ್ಯುವವರಿಗೆ ತಲೆ ತಿರುಗಿ ವಾಂತಿಯಾಗುವುದುಂಟು. ಒಬ್ಬರು ಪಿತ್ತವೆನ್ನುತ್ತಾರೆ, ಇನ್ನೊಬ್ಬರು ದೃಷ್ಟಿಯೆನ್ನುತ್ತಾರೆ. ತರಗತಿಯಲ್ಲಿ ಒಂದು ವಹಿ ತೆರೆಯಿರಿ. ಯಾರಿಗೆ ಆಯಿತು? ಎಲೆ ಒದ್ದೆಯಿತ್ತೋ, ಒಣಗಿತ್ತೋ? ಬರಿಗೈಯೋ, ಕೈಗವಸಿತ್ತೋ? ಏನೂ ಆಗದವರ ಲೆಕ್ಕವನ್ನೂ ಬರೆಯಿರಿ. ಎಲೆಯ ನಿಕೋಟಿನ್ ಇಬ್ಬನಿಯ ನೀರಿನಲ್ಲಿ ಕರಗಿ ಚರ್ಮದ ಮೂಲಕ ಮೈಗಿಳಿಯುತ್ತದೆಂದು ವೈದ್ಯಶಾಸ್ತ್ರ ಇಂದು ಬಲ್ಲದು. ದೃಷ್ಟಿಯಾದರೆ ಒಂದು ನಿಂಬೆಹಣ್ಣಿಗೆ ಮುಗಿಯಿತು. ದುಡಿಮೆಯ ರೋಗವಾದರೆ ಕೈಗವಸನ್ನು ಮಾಲಕನ ಬಳಿ ಕೇಳಬೇಕಾಗುತ್ತದೆ. ವಿಜ್ಞಾನ ನಮಗೆ ಬೇಕಾದುದು ಇದಕ್ಕಾಗಿಯೇ.

1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯನು ಸ್ಕರ್ವಿ ರೋಗದಿಂದ ನರಳುತ್ತಿದ್ದ 12 ನಾವಿಕರನ್ನು ಆರು ಜೋಡಿ ಮಾಡಿ, ಜೋಡಿಗೊಂದು ಬಗೆಯ ಉಪಚಾರ ಕೊಟ್ಟನು. ಕಿತ್ತಳೆ, ನಿಂಬೆ ತಿಂದ ಜೋಡಿ ಎಲ್ಲರಿಗಿಂತ ಬೇಗ ಚೇತರಿಸಿತು. ಇದರ ಗುಟ್ಟು ಹೋಲಿಕೆ. "ನಮ್ಮ ಪುಡಿಯಿಂದ ಹತ್ತು ಮಂದಿಯ ನೆಗಡಿ ಹೋಯಿತು" ಎಂದರೆ, ಪುಡಿ ತಿನ್ನದ ಹತ್ತು ಮಂದಿಯ ನೆಗಡಿ ಉಳಿಯಿತೇ ಎಂದು ಕೇಳಿರಿ.

ರಾಯಬಾಗದ ಸಂತೆಯ ಮಾತಿಗೂ ಮೊಬೈಲಿಗೆ ಬರುವ ಸಂದೇಶಕ್ಕೂ ಮೂರೇ ಪ್ರಶ್ನೆ ಸಾಕು: ಹೇಳುವವರು ಯಾರು? ನಂಬಿದರೆ ದುಡ್ಡು ಯಾರ ಜೇಬಿಗೆ? ಯಾವುದರೊಡನೆ ಹೋಲಿಸಿ ನೋಡಿದ್ದಾರೆ? ಸಕ್ಕರೆ ಕಾಯಿಲೆ, ಕ್ಯಾನ್ಸರ್, ಕ್ಷಯ ವಾಸಿಮಾಡುವೆವೆಂದು ಜಾಹೀರಾತು ಕೊಡುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಅಂಗಡಿಕಾರ ಮಿತ್ರರೇ, ತೂಕ ನೋಡದೆ ನೀವು ಸರಕು ಇಳಿಸಿಕೊಳ್ಳುವುದಿಲ್ಲ. ಇಂಥ ಡಬ್ಬಿಯನ್ನೇಕೆ ಇಡುತ್ತೀರಿ?

ಪ್ರಶ್ನೆ ಕೇಳುವುದೆಂದರೆ ಎಲ್ಲವನ್ನೂ ಅಲ್ಲಗಳೆಯುವುದಲ್ಲ. ಬೀಡಿ ಕಟ್ಟುವ ಅಕ್ಕನಿಗೆ ಎರಡು ವಾರ ಮೀರಿ ಕೆಮ್ಮಿದ್ದರೆ "ವಖಾರಿಯ ಧೂಳು" ಎಂದು ಸುಮ್ಮನಿರಬಾರದು. ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ, ಕ್ಷಯದ ಔಷಧವೂ ಉಚಿತ. ಕ್ಷಯದ ರೋಗಾಣುವನ್ನು ರಾಬರ್ಟ್ ಕಾಕ್ 1882ರಲ್ಲಿಯೇ ತೋರಿಸಿದನು; ಊಹೆಗೆ ಅಲ್ಲಿ ಎಡೆಯಿಲ್ಲ. ಡಾಕ್ಟರರನ್ನೂ ಕೇಳಿರಿ: ರೋಗದ ಹೆಸರೇನು, ಔಷಧ ಏತಕ್ಕೆ, ಎಷ್ಟು ದಿನ?

ಕಾರ್ಯಕರ್ತರಿಗೆ ಕೊನೆಯ ಮಾತು. ಅಥಣಿಯ ಚಪ್ಪಲಿ ಹೊಲಿಯುವವರು ಚರ್ಮದ ಹದ ಬಲ್ಲರು. ಕಾಗವಾಡ ತಾಲೂಕಿನ ಉಗಾರದ ಸಕ್ಕರೆ ಗಿರಣಿಯವರು ಪಾಕದ ಹದ ಬಲ್ಲರು. ನೋಡಿ, ಅಳೆದು, ತಪ್ಪಿದರೆ ತಿದ್ದುವ ಬುದ್ಧಿ ಅವರಲ್ಲಿ ಆಗಲೇ ಇದೆ. ಅವರಿಗೆ ಉಪದೇಶ ಬೇಡ. ಆ ಬುದ್ಧಿಯನ್ನು ಔಷಧದ ಅಂಗಡಿಗೂ ಒಯ್ಯಲು ಜೊತೆಯಾದರೆ ಸಾಕು.